ಬೆಲ್ಟಿನೊಂದಿಗೆ ಬೆಂಚೂ ಬಂತು

ನಾನು ಸೀಟ್ ಬೆಲ್ಟು ಬಿಗಿದ ಗಾಡಿ ಬರುತ್ತಿದೆ ಎಂದರೆ ಸಾಕು, ಉಮರ್ಗಾದಿಂದ ನಿಲಂಗಾದವರೆಗಿನ ಸ್ಪೀಡ್ ಬ್ರೇಕರುಗಳೆಲ್ಲ ತಾವಾಗಿಯೇ ನೆಲಕ್ಕೆ ಒರಗಿ ದಾರಿ ಬಿಡುತ್ತವೆ. ನಂಬದಿದ್ದರೆ ಹೋಗಿ ನೋಡಿ, ಈಗಲೂ ಮಲಗಿಯೇ ಇವೆ.

ಈ ಕೀರ್ತಿ ಕೇಳಿಯೇ ದಾಳಿಂಬದ ರೇವಣಪ್ಪ ಕಾಕಾ ಉಮರ್ಗಾದ ನನ್ನ ವೆಲ್ಡಿಂಗ್ ಅಂಗಡಿಗೆ ತನ್ನ ಮನೆಗಾಡಿ ತಂದ. ಹಾಸಿಗೆ, ಒಲೆ, ನೀರಿನ ಟಾಕಿ ಎಲ್ಲ ಒಳಗೇ ಇರುವ ಹಳೇ ವ್ಯಾನು ಅದು. ಮುಂದೆ ಡ್ರೈವರನ ಸೀಟು ಒಂದೇ, ಅದಕ್ಕೆ ಬೆಲ್ಟಿತ್ತು. ಹಿಂದಿನ ಮರದ ಬೆಂಚಿಗೆ ಇರಲಿಲ್ಲ. ಮೊದಲ ಸವಾರಿಯಲ್ಲೇ ಅವನ ಹೆಂಡತಿ ಪ್ರಯಾಗಬಾಯಿ ಕಾಕು ಬೆಂಚಿನಿಂದ ಜಾರಿ ಹಿಟ್ಟಿನ ಡಬ್ಬಿಯನ್ನು ತಬ್ಬಿಕೊಂಡಿದ್ದಳು.

“ಉದಗೀರದಾಗ ಮಗಳ ಕೂಸಿಗಿ ತೊಟ್ಟಿಲಾಗ ಹಾಕೋದದ. ಬೆಲ್ಟ್ ಹಚ್ಚಿದ್ರ ಇದರಾಗ ಬರ್ತೀನಿ, ಇಲ್ಲಂದ್ರ ಎಸ್‌ಟಿ ಬಸ್ಸಿಗಿ ಹೋಗ್ತೀನಿ,” ಎಂದಳು ಕಾಕು.

“ನೀ ಬಸ್ಸಿನ್ಯಾಗ ಮುಂದ, ನಾ ಖಾಲಿ ಮನಿ ಹೊಡ್ಕೊಂಡು ಹಿಂದ? ಬೀಗರು ಏನಂದಾರು!” ಕಾಕಾ ನನ್ನತ್ತ ತಿರುಗಿದ. “ಉಮಾಕಾಂತ, ನನ್ನ ಮಾನ ನಿನ್ನ ಕೈಯಾಗ ಅದಪ್ಪಾ. ಗಾಡಿ ಬುಡದ ಕಬ್ಬಿಣದ ಚಾಸಿಗೇ ಬಿಗಿ.”

“ಚಾಸಿ ಹರಿದೀತು ಕಾಕಾ, ನನ್ನ ಬೆಲ್ಟ್ ಹರಿಯಂಗಿಲ್ಲ!”

ನಮ್ಮದು ಬೀರಪ್ಪನ ಒಕ್ಕಲು, ಕುರಿಯ ಮನೆತನ. ಹಿಂಡಿನೊಂದಿಗೆ ಊರೂರು ತಿರುಗುವಾಗ ನಮ್ಮ ಹಿರಿಯರು ಕುದುರೆಯ ಮೇಲೆ ಇಡೀ ಸಂಸಾರ ಹೇರುತ್ತಾರೆ. ಮರಿಯನ್ನು ಹೊರಸಿಗೆ, ಹೊರಸನ್ನು ಗಂಟಿಗೆ, ಗಂಟನ್ನು ಇನ್ನೊಂದು ಗಂಟಿಗೆ ಕಟ್ಟುತ್ತಾರೆ. ಒಂದೂ ಬೀಳುವುದಿಲ್ಲ. ನಾನೂ ಹಾಗೆಯೇ ಬೆಲ್ಟನ್ನು ಬೆಂಚಿಗೆ, ಬೆಂಚನ್ನು ಕಪಾಟಿಗೆ ಬೋಲ್ಟು ಹಾಕಿ ಬಿಗಿದೆ. ಆನೆ ಎಳೆದರೂ ಅಲುಗದು ಎಂದು ಸಾರಿ, ಹೊಗಳಿಕೆ ಕೇಳಲೆಂದು ಉದಗೀರಕ್ಕೆ ಹೊರಟ ಗಾಡಿಗೆ ನಾನೂ ಹತ್ತಿ ಕಂಬಿ ಹಿಡಿದು ನಿಂತೆ.

ಕಾಸಾರಶಿರಸಿಯ ಹತ್ತಿರ ಕುರಿಹಿಂಡು ಅಡ್ಡ ಬಂತು. ಕಾಕಾ ಬ್ರೇಕ್ ಒತ್ತಿದ. ಬೆಲ್ಟು ಹರಿಯಲಿಲ್ಲ. ಬೆಂಚೇ ಹೊರಟಿತು! ಬೆಲ್ಟು ಕಟ್ಟಿಕೊಂಡ ಕಾಕು, ಕಾಕುವಿನ ಕೆಳಗೆ ಬೆಂಚು, ಬೆಂಚಿನ ಬೆನ್ನಿಗೆ ಕಪಾಟು. ದಿಬ್ಬಣದಂತೆ ಸಾವಕಾಶ ಜಾರಿ ಬಂದು ಕಾಕಾನ ಸೀಟಿಗೆ ಆತು ನಿಂತವು.

“ಬಂದೀನಿ ನೋಡ್ರಿ,” ಎಂದಳು ಕಾಕು, ಗಂಡನ ಕಿವಿಯಲ್ಲೇ.

ನಾನು ಸೋಲಲಿಲ್ಲ. “ಕಾಕು, ಇದು ಹೊಸಾ ತರಾದ್ದು! ಗಂಡನ ಸಂಗಟ ಮಾತಾಡಬೇಕನಿಸಿದ್ರ ಒಂದು ಬ್ರೇಕ್ ಸಾಕು.”

“ಹೌದಾ? ಹಂಗಾದ್ರ ನೀ ಕೂಡು.” ಬೆಂಚನ್ನು ಹಿಂದಕ್ಕೆ ತಳ್ಳಿಸಿ ನನ್ನನ್ನು ಕೂರಿಸಿ, ಬಕಲನ್ನು ತಾನೇ ಹಾಕಿದಳು. “ನೀವು ಕುದುರಿ ಮ್ಯಾಲ ಎಲ್ಲಾ ಕಟ್ಟಿ, ಕಡೀಕ ಹಗ್ಗ ಎಲ್ಲಿಗಿ ಬಿಗೀತೀರೋ?”

“ಕುದುರಿ ಹೊಟ್ಟಿಗಿ…”

“ಈ ಕುದುರಿ ಹೊಟ್ಟಿಗಿ ಬಿಗಿದೀಯೇನು?”

ಕಾಕಾ ಗಾಡಿ ಚಾಲೂ ಮಾಡಿದ. ಗೇರಿನ ಸದ್ದಿಗೆ ನನ್ನ ಬಾಯಿ ತಾನಾಗಿ ಬಿಚ್ಚಿತು.

“ನಿಲ್ಲಸ್ರಿ ಕಾಕಾ! ಚಾಸಿಗಿ ಬಿಗಿದಿಲ್ರೀ! ಕೆಳಗ ನೀರಿನ ಟಾಕಿ ಅದ, ಅದು ಇಳಿಸಿ ಕಬ್ಬಿಣದ ಪಟ್ಟಿ ಕೂಡಿಸಬೇಕಿತ್ತು. ಬ್ಯಾಸರ ಬಂತು. ಎಲ್ಲಾ ಬರೇ ನೆಲದ ಪ್ಲೈವುಡ್ಡಿಗಿ ಹಚ್ಚೀನಿ!”

ಕಾಕು ಕೂಸಿನ ಕುಂಚಿಗೆ, ಬಳೆಗಳ ಗಂಟು ಎತ್ತಿಕೊಂಡು ಇಳಿದಳು. “ನೀವಿಬ್ಬರೂ ಮನಿ ಹೊಡ್ಕೊಂಡು ಬರ್ರಿ,” ಎಂದು ಬಸ್ಸಿಗೆ ಕೈ ಮಾಡಿದಳು.

ನಾವು ಬಸ್ಸಿನ ಹಿಂದೆಯೇ ಹೊರಟೆವು. ಕಾಕು ಹಿಂದಿನ ಗಾಜಿನಿಂದ ಕೈ ಬೀಸುತ್ತಿದ್ದಳು. ನಿಲಂಗಾ ಬಂದಾಗ ಕಾಕಾ ನನ್ನತ್ತ ತಿರುಗಿದ.

“ಈತನಕ ಎಷ್ಟು ಗಾಡಿಗಿ ಬೆಲ್ಟ್ ಹಚ್ಚೀಯೋ?”

“ಇದೇ ಮೊದಲ್ನೇದು ಕಾಕಾ.”

“ಮತ್ತ ಆ ಸ್ಪೀಡ್ ಬ್ರೇಕರ್?”

“ಅವು ಕಬ್ಬಿನ ಟ್ರ್ಯಾಕ್ಟರ್ ಹಾದು ಹಾದು ಸವದಾವ್ರೀ.”