ಮಂಡಿಯೊಳಗಿನ ಪೆಟ್ಟಿಗೆ

ಥೂ! ಆನವಟ್ಟಿಯ ಆ ವಾರ ನೆನೆದರೆ ಈಗಲೂ ಬಾಯಿಗೆ ಬರುವುದು ಇದೇ. ನಮ್ಮ ಆಸ್ಪತ್ರೆಯಿಂದ ಶಿಕಾರಿಪುರದ ಹೃದಯದ ಡಾಕ್ಟರಿಗೆ ಇಸಿಜಿ ಹೋಗುವುದು ಉಪಗ್ರಹದ ಡಿಶ್ಶಿನಿಂದ; ಅದನ್ನು ನೋಡಿಕೊಳ್ಳುವವಳು ನಾನು, ಮೈತ್ರಿ. ಎರಡು ತಿಂಗಳಿಂದ ಬೆಳಿಗ್ಗೆ ಹತ್ತಾದರೆ ಸಾಕು, ಡಿಶ್ಶು ಕಿವುಡು. ಫೋನಿಗೂ ಸಿಗ್ನಲ್ ಇರುತ್ತಿರಲಿಲ್ಲ. ಎಲ್ಲರೂ ಟವರನ್ನು ಬೈದು ಸುಮ್ಮನಿದ್ದೆವು. ಆ ಸೋಮವಾರ ಎದೆನೋವೆಂದು ಬಂದ ಮಾರಪ್ಪನ ಇಸಿಜಿ ಎರಡು ಗಂಟೆ ಹೋಗಲೇ ಇಲ್ಲ. ಹೋಗುವಷ್ಟರಲ್ಲಿ ಮಾರಪ್ಪನೇ ಇರಲಿಲ್ಲ.

"ಈ ಮೇಡಂ ಮಷೀನು ನಮ್ಮಪ್ಪನ್ನ ತಿಂತು" ಎಂದು ಅವನ ಮಗ ಪರಶುರಾಮ ಎಲ್ಲರೆದುರು ಅತ್ತ. ನಾನು ತಲೆ ಎತ್ತಲಿಲ್ಲ.

ತರಂಗ ಅಳೆಯುವ ಮೀಟರು ಹಚ್ಚಿದೆ. ನೆಲದ ಮೇಲಿನ ಯಾವುದೋ ಯಂತ್ರ ನಮ್ಮ ತರಂಗದ ಮೇಲೆ ಕಿರುಚುತ್ತಿತ್ತು. ಗುರುವಾರ ಮಾತ್ರ ಗಪ್‌ಚಿಪ್. ಗುರುವಾರ ರಜೆ ಇರುವುದು ತೋಟಪ್ಪನ ಅಡಿಕೆ ಮಂಡಿಗೆ.

ಶುಕ್ರವಾರ ಕೈ ಆಂಟೆನಾ ಹಿಡಿದು ಹೊರಟೆ. ಓಣಿ ದಾಟಿದಂತೆ ಮೀಟರಿನ ಮುಳ್ಳು ಏರಿತು, ಮಂಡಿಯ ಬಾಗಿಲಲ್ಲಿ ತುದಿ ಮುಟ್ಟಿತು. ತೋಟಪ್ಪನ ಗಾದಿಯ ಹಿಂದೆ, ದೇವರ ಫೋಟೋದ ಕೆಳಗೆ, ಆರು ಕೊಂಬಿನ ಕಪ್ಪು ಪೆಟ್ಟಿಗೆ. ಸಿಗ್ನಲ್ ತಡೆಯುವ ಜಾಮರ್!

"ಇದು ಯಾಕ್ರೀ ಇಲ್ಲಿ?"

ತೋಟಪ್ಪ ಎಲೆ ಅಡಿಕೆ ಜಗಿಯುತ್ತ ನಕ್ಕ. "ರೈತ್ರು ಮೊಬೈಲ್ನಾಗೆ ಶಿವಮೊಗ್ಗದ ರೇಟ್ ನೋಡ್ಕಂಡು ಚೌಕಾಸಿ ಮಾಡ್ತಾರ್ರೀ. ಸಿಗ್ನಲ್ ಇಲ್ಲಾಂದ್ರೆ ನಾ ಹೇಳಿದ್ದೇ ರೇಟು."

"ನಿಮ್ಮ ರೇಟಿಗೆ ಬೆಂಕಿ ಬೀಳ! ಇದು ನಮ್ಮ ಡಿಶ್ಶನ್ನೂ ಕೆಡಿಸ್ತಿದೆ. ಮಾರಪ್ಪ ಸತ್ತಿದ್ದು ಇದರಿಂದ!"

ತಕ್ಕಡಿಯ ಬಳಿ ಚೀಲ ಬಿದ್ದ ಸದ್ದಾಯಿತು. ತಿರುಗಿದರೆ ಪರಶುರಾಮ. ಅವನು ಇಲ್ಲಿ ತೂಕದ ಕೆಲಸಕ್ಕಿದ್ದಾನೆಂದು ನನಗೆ ಗೊತ್ತಿರಲಿಲ್ಲ.

"ದಿನಾ ಅದನ್ನ ಹಾಕದು ನಾನೇ ಮೇಡಂ" ಎಂದ. "ಅವತ್ತೂ ಸಾವ್ಕಾರ್ರು ಬೈತಾರೆ ಅಂತ ಅಪ್ಪನ್ನ ಆಟೋದಾಗೇ ಕೂರ್ಸಿ, ಮಂಡಿ ಬಾಗ್ಲು ತೆಗ್ದು, ಸ್ವಿಚ್ ಹಾಕಿ, ಆಮೇಲೆ ಆಸ್ಪತ್ರೆಗೆ ಬಂದೆ."

ತೋಟಪ್ಪ ಪಿಚಕ್ಕನೆ ಉಗುಳಿದ. "ಹೋದೋರು ಹೋದ್ರು. ಹೊರಗೆ ಗಾಡಿ ನಿಂತೈತಿ, ತೂಕ ನೋಡಲೇ."

ಇಂಥವನ ಎದುರು ನಿಂತಿದ್ದಕ್ಕೇ ಮೈಯೆಲ್ಲ ಅಸಹ್ಯವಾಯಿತು. ಹೋಗಿ ಸ್ವಿಚ್ ಆರಿಸಿದೆ. ಸ್ವಲ್ಪ ಹೊತ್ತಿಗೆ ಅಂಗಳದ ರೈತರ ಜೇಬುಗಳಲ್ಲಿ ಒಂದೊಂದೇ ಫೋನು ಟಿಂಗೆನ್ನತೊಡಗಿತು.

"ಲೇ ಪರಶು, ಹಾಕಲೇ ಅದನ್ನ!" ತೋಟಪ್ಪ ಕೂಗಿದ.

ದಿನದ ರೂಢಿ, ಪರಶುರಾಮನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಅರ್ಧಕ್ಕೆ ನಿಲ್ಲಿಸಿ ಆ ಕೈಯನ್ನೇ ನೋಡಿದ. ಆಮೇಲೆ ಅಡಿಕೆ ರಾಶಿಯ ಪಕ್ಕ ಕುಕ್ಕರಿಸಿ ವಾಂತಿ ಮಾಡಿಕೊಂಡ.