ಚಿದಂಬರರ ಹೆಸರಿನಲ್ಲಿ

“ಗಂಟು ಸಡಿಲ ಆಯ್ತು, ಇನ್ನೊಂದು ಸುತ್ತು ಹಾಕಪ್ಪ,” ಎಂದರು ಪುರೋಹಿತರು. ಪ್ರಜ್ವಲ್ ಚಟ್ಟದ ಬಿದಿರಿಗೆ ಹಗ್ಗ ಎಳೆದು ಬಿಗಿದ. ವರ್ಷದಿಂದ ಕೆಲಸವಿಲ್ಲದೆ ಕೂತಿದ್ದ ಚಿದಂಬರ, ನಲವತ್ತೇಳಕ್ಕೇ ಎದೆನೋವು ಬಂದು, ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದ ತಮ್ಮ ಮನೆಯ ಹಾಲ್‌ನಲ್ಲಿ ಹೆಣವಾಗಿ ಮಲಗಿದ್ದರು. ಓಖ್ಲಾದ ಆಫೀಸಿನಿಂದ ಬಂದವನು ಪ್ರಜ್ವಲ್ ಒಬ್ಬನೇ. ಉಳಿದವರು ಹಾರ ಕಳಿಸಿ ಕೈತೊಳೆದುಕೊಂಡಿದ್ದರು.

ಚಿದಂಬರರ ಮಗಳು, ಹತ್ತನೇ ಕ್ಲಾಸಿನ ಸಿಂಧೂರ, ಅವನ ಪಕ್ಕ ಬಂದು ಕುಕ್ಕರಿಸಿದಳು.

“ಅಣ್ಣಾ, ಸಚ್ ಹೇಳಿ. ಆ ಮೀಟರ್ ಗಲ್ತಿ ಪಪ್ಪಾನೇ ಮಾಡಿದ್ದಾ?”

ಹಗ್ಗ ಅವನ ಕೈಯಲ್ಲೇ ನಿಂತಿತು.

*

ಕಂಪನಿ ಕರೆಂಟ್ ಮೀಟರ್ ಮಾಡುತ್ತಿತ್ತು. ಮೀಟರಿನೊಳಗೂ ಪುಟ್ಟದೊಂದು ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಏನಿರಬೇಕು, ಏನು ಬೇಡ ಎಂದು ಹೇಳಲು ಒಂದೊಂದು ಮಾಡೆಲಿಗೂ ಒಂದೊಂದು ಕಾನ್ಫಿಗ್ ಫೈಲ್, ಒಂದೊಂದರಲ್ಲೂ ಎರಡು ಸಾವಿರ ಸಾಲು. ಏಳು ವರ್ಷ ಚಿದಂಬರ ಅವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಒಳ್ಳೆಯ ಮಾತು ಆಡಿದವರಿಲ್ಲ. ಮಗಳಿಗೆ ಜ್ವರವೆಂದು ಎರಡು ದಿನ ರಜೆ ಹಾಕಿದಾಗ, ನಂಬಿ, ತಮ್ಮ ಪಾಸ್‌ವರ್ಡನ್ನು ಪ್ರಜ್ವಲ್‌ಗೆ ಕೊಟ್ಟರು.

ಟೆಸ್ಟ್ ಮಾಡಲು ಮೆಮೊರಿ ಸಾಲದೆಂದು ಅವನು ಒಂದು ಸಾಲು ಆಫ್ ಮಾಡಿದ. ಸಿಸ್ಟಂ ಕೆಟ್ಟು ನಿಂತರೆ ತಾನಾಗಿ ರೀಸ್ಟಾರ್ಟ್ ಆಗಲು ಇದ್ದ ಸಾಲು. ಟೆಸ್ಟ್ ಮುಗಿದ ಮೇಲೆ ಆನ್ ಮಾಡಲು ಮರೆತ. 2006ರ ಬೇಸಿಗೆಯಲ್ಲಿ ಮೂರು ಸಾವಿರ ಮೀಟರುಗಳು ಕೊರಡಿನಂತೆ ನಿಂತುಬಿಟ್ಟವು. ಆ ಸಾಲು ಬದಲಿಸಿದವರೆಂದು ದಾಖಲೆಯಲ್ಲಿದ್ದದ್ದು ಚಿದಂಬರರ ಹೆಸರು.

ಮೀಟಿಂಗಿನಲ್ಲಿ ಅವರು ಒಮ್ಮೆ, ಒಮ್ಮೆ ಮಾತ್ರ, ಪ್ರಜ್ವಲ್ ಕಡೆ ನೋಡಿದರು. ಅವನು ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿದ. ಅವರು ಬಾಯಿ ಬಿಡಲಿಲ್ಲ. ಅವರ ಕೆಲಸ ಹೋಯಿತು. ಆ ಫೈಲುಗಳು ಅವನ ಕೈಗೆ ಬಂದವು, ಜೊತೆಗೆ ಸೀನಿಯರ್ ಎಂಬ ಹೆಸರೂ.

*

“ಹೇಳಿ ಅಣ್ಣಾ. ಪಪ್ಪಾ ತೋ ಬಾಯೇ ಬಿಡ್ತಿರ್ಲಿಲ್ಲ. ನೀವು ಒಂದ್ಸಲ ‘ಅಲ್ಲ’ ಅಂದ್ರೆ ಸಾಕು, ನಾನು ಎಲ್ರಿಗೂ ಹೇಳ್ತೀನಿ.”

ಪ್ರಜ್ವಲ್ ಹಗ್ಗದ ತುದಿಯನ್ನು ಬಿದಿರಿನ ಕೆಳಗೆ ತೂರಿಸಿ ಎಳೆದ.

“ಎಂಥವರ ಕೈಲೂ ಒಮ್ಮೊಮ್ಮೆ ತಪ್ಪಾಗತ್ತೆ, ಪುಟ್ಟಾ,” ಎಂದ.

“ಅಚ್ಛಾ,” ಎಂದಳು ಹುಡುಗಿ.

ಕೆಂಡದ ಮಡಕೆ ಹಿಡಿಯುವವರು ಯಾರು ಎಂದು ಪುರೋಹಿತರು ಕೂಗಿದರು. ಊರಿನಿಂದ ನೆಂಟರು ಬಂದು ಮುಟ್ಟಲು ಇನ್ನೂ ಒಂದು ದಿನ ಬೇಕಿತ್ತು. ಚಿದಂಬರರ ಹೆಂಡತಿ ಮನೋರಮಾ ಬಾಗಿಲಿಗೆ ಒರಗಿಕೊಂಡೇ ಹೇಳಿದರು:

“ಪ್ರಜ್ವಲ್ ಹಿಡೀಲಿ. ಕೆಲಸ ಹೋದ್ಮೇಲೆ ಆಫೀಸಿನಿಂದ ಈ ಮನೆಗೆ ಬರ್ತಿದ್ದವನು ಅವನೊಬ್ನೇ. ಮಗ ಇದ್ದ ಹಾಗೆ.”

ಯಾರೋ ಅವನ ತಲೆಯ ಮೇಲೆ ಎರಡು ಬಕೆಟ್ ತಣ್ಣೀರು ಸುರಿದರು. ಒದ್ದೆ ಪಂಚೆಯಲ್ಲಿ, ಮಡಕೆ ಹಿಡಿದು, ಅವನು ಶವದ ಮುಂದೆ ನಡೆದ. ವ್ಯಾನ್ ಹತ್ತುವಾಗ ತಿರುಗಿ ನೋಡಿದ. ಗೇಟಿನ ಬಳಿ ಸಿಂಧೂರ, ಅವನು ಬಿಚ್ಚಿಕೊಟ್ಟ ಶರ್ಟನ್ನು ನೀಟಾಗಿ ಮಡಿಸಿ, ಎದೆಗವಚಿಕೊಂಡು ನಿಂತಿದ್ದಳು.