ದೂರು ಸೇರಿದ್ದು ಯಾರ ಮೇಜಿಗೆ?

ನನ್ನ ಮಗಳು ಸೇನೆಯಲ್ಲಿ ಲಾರಿ ಓಡಿಸುತ್ತಾಳೆ. ಲಾರಿಯ ಬ್ರೇಕು ಸರಿಯಿಲ್ಲ, ರಿಪೇರಿ ಮಾಡದೆಯೇ 'ರಿಪೇರಿ ಆಗಿದೆ' ಎಂದು ತನ್ನ ಅಧಿಕಾರಿ ಸಹಿ ಹಾಕಿದ್ದಾರೆ ಎಂದು ರಜೆಗೆ ಬಂದಾಗ ದೂರು ಬರೆದಳು. ಸೈನಿಕರ ದೂರು ನೋಡುವ, ಸೇನೆಗೆ ಸೇರದ ಆಯೋಗಕ್ಕೆ ಕಳಿಸಲು ಅಪ್ಪನ ಕೈಗೆ ಕೊಟ್ಟು ಹೋದಳು.

ಎರಡು ತಿಂಗಳಾದ ಮೇಲೆ ಉತ್ತರ ಬಂತು. "ದೂರಿನಲ್ಲಿ ಹುರುಳಿಲ್ಲ." ಕೆಳಗೆ ಅದೇ ಅಧಿಕಾರಿಯ ಸಹಿ! ನನಗೆ ತಲೆಬುಡ ತಿಳಿಯಲಿಲ್ಲ. ಬರೆದದ್ದು ಒಬ್ಬರಿಗೆ, ಉತ್ತರ ಕೊಟ್ಟದ್ದು ಇನ್ನೊಬ್ಬರು. ಬರುವ ಸೋಮವಾರ ಅವಳು ಅದೇ ಲಾರಿಯಲ್ಲಿ ಬೆಟ್ಟ ಇಳಿಯಬೇಕು.

ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಅಕ್ಕ ಅದೇ ಆಯೋಗದಲ್ಲಿ ದೂರು ದಾಖಲಿಸುವ ಗುಮಾಸ್ತೆ. ಅವರನ್ನು ಕರೆದುಕೊಂಡು ಬಂದೆ.

"ಈ ದೂರು ನಮ್ಮ ಕಚೇರಿಗೆ ಬಂದೇ ಇಲ್ವಲ್ಲ!" ಎಂದರು ಅಕ್ಕ.

"ಹಾಗಾದ್ರೆ ಆ ಅಧಿಕಾರಿಗೆ ಹೇಗೆ ಸಿಕ್ತು?" ಎಂದೆ.

ನಮ್ಮ ಯಜಮಾನರು ಕೆಮ್ಮಿದರು. ಇಪ್ಪತ್ತು ವರ್ಷ ಸೇನೆಯಲ್ಲಿದ್ದವರು. "ಮೇಲಿನವರಿಗೆ ಏನು ಬರೆದ್ರೂ ಅಧಿಕಾರಿಯ ಮೂಲಕ ಹೋಗ್ಬೇಕಲ್ವಾ? ಅವರ ಮೂಲಕವೇ ಕಳಿಸ್ದೆ."

"ಅಯ್ಯೋ ಅಣ್ಣಾ, ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯ್ತಲ್ಲ!"

ಯಜಮಾನರಿಗೆ ಸಿಟ್ಟು ಬಂತು. "ಮನೆ ಮಾತು ಬೀದಿಗೆ ಎಳೀಬಾರದಮ್ಮ. ಹೊರಗಿನವರಿಗೆ ಸೇನೆ ಬಗ್ಗೆ ಏನು ಗೊತ್ತು?"

"ಯುದ್ಧ ಮಾಡೋದು ನಮಗೆ ಗೊತ್ತಿಲ್ಲ ಅಣ್ಣ. ಬ್ರೇಕು ಹಿಡಿಯುತ್ತೋ ಇಲ್ವೋ ಅಂತ ತಜ್ಞರನ್ನ ಕಳಿಸಿ ನೋಡಿಸ್ತೀವಿ. ಆ ಅಧಿಕಾರಿ ನಮಗೆ ಆಜ್ಞೆ ಮಾಡೋ ಹಾಗಿಲ್ಲ, ಅಷ್ಟೇ ವಿಷಯ."

"ಅವಳಿಗೆ ಕಿರುಕುಳ ಕೊಟ್ರೆ?" ಎಂದು ನಾನು ಕೇಳಿದೆ. ನನಗೆ ಭಯ ಅದೇ.

"ಕೊಟ್ರೆ ಅದನ್ನೂ ದೂರು ಅಂತ ಬರ್ಕೊಳ್ತೀವಿ. ನೀವೇ ಗೆಲ್ತೀರಿ ಅಂತ ನಾನು ಹೇಳಲ್ಲ. ನೋಡೋರು ಬೇರೆಯವರು ಅಂತ ಮಾತ್ರ ಹೇಳ್ತೀನಿ."

ಮಗಳಿಗೆ ಫೋನ್ ಮಾಡಿದೆವು. ಅವಳ ಬಳಿ ದೂರಿನ ಪ್ರತಿ ಇತ್ತು, ಫೋನಿನಲ್ಲೇ ಕಳಿಸಿದಳು. ಯಜಮಾನರು ಅದನ್ನು ಪ್ರಿಂಟ್ ಮಾಡಿಸಿ ತಂದು, ಲಕೋಟೆಯ ಮೇಲೆ ಆಯೋಗದ ವಿಳಾಸ ಬರೆದರು. ಹಳೇ ಚಾಳಿ ಬಿಡಬೇಕಲ್ಲ, ಕೆಳಗೆ 'ಮೂಲಕ' ಎಂದೂ ಬರೆದರು. ಪೆನ್ನು ನಿಂತಿತು. ಆ ಪದವನ್ನು ಹೊಡೆದುಹಾಕಿದರು. ಆಯೋಗಕ್ಕೆ ತಾವೇ ಹೋಗಿ ಕೊಟ್ಟು, ರಸೀದಿ ತಂದರು.

ಭಾನುವಾರ ಸಂಜೆ ಮಗಳ ಫೋನ್ ಬಂತು. "ಅಮ್ಮಾ, ಆಯೋಗದಿಂದ ಆದೇಶ ಬಂದಿದೆ, ತಪಾಸಣೆ ಮುಗಿಯೋವರೆಗೂ ಲಾರಿ ತೆಗೀಬಾರದಂತೆ." ನಾನು ಅತ್ತೇಬಿಟ್ಟೆ. ಯಜಮಾನರು ಫೋನ್ ಕಸಿದುಕೊಂಡು, "ಇನ್ನೇನಾದ್ರೂ ಇದ್ರೆ ಅದನ್ನೂ ಬರಿ ಮಗಳೇ" ಎಂದರು.

ನಿಮ್ಮ ಮನೆಯಲ್ಲೂ ಸೈನಿಕರಿದ್ದಾರೆಯೇ? ಅವರ ದೂರನ್ನು ನೋಡುವವರು ಯಾರು ಎಂದು ಇಂದೇ ವಿಚಾರಿಸಿ. ಹೊರಗಿನ ಆಯೋಗವಿದ್ದರೆ ನೇರವಾಗಿ ಬರೆಯಿರಿ, ಇಲ್ಲದಿದ್ದರೆ ಬೇಕು ಎಂದು ಕೇಳಿ. ದೇಶ ಕಾಯುವ ನಮ್ಮ ಮಕ್ಕಳನ್ನೂ ಯಾರಾದರೂ ಕಾಯಬೇಕಲ್ಲವೇ?